ಬದುವಿನಾಚೆಯ ಮನುಷ್ಯ ಯಾರ ಪ್ರಜೆ?

(ಹಾನಗಲ್ಲ, ಶಿಗ್ಗಾಂವ, ಹಿರೇಕೆರೂರ ಮತ್ತು ಸವಣೂರಗಳಲ್ಲಿ ಗಿರಣಿ ಕಾಮಗಾರರ ಹಾಗೂ ಚಿಲ್ಲರೆ ವ್ಯಾಪಾರಸ್ಥರ ಅಭ್ಯಾಸ ಕೂಟಗಳಲ್ಲಿ ಮಾಡಿದ ಭಾಷಣ. ಅಲ್ಲಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿ ಕೊಟ್ಟಿದೆ.)



ದಕ್ಷಿಣ ಆಫ್ರಿಕೆಯ ಕಾಯದೆಗಳ ಬಗೆಗೆ ಮಾತಾಡುತ್ತೇವೆಂದು ತಿಳಿಸಿದಾಗ ಹಾನಗಲ್ಲಿನ ಅಕ್ಕಿ ಗಿರಣಿಯ ಗೆಳೆಯರೊಬ್ಬರು ಮುಖಕ್ಕೆ ನೇರವಾಗಿಯೇ ಕೇಳಿದರು: "ನಮ್ಮ ಕೂಲಿಯ ಮಾತು ಬಿಟ್ಟು ಎಲ್ಲಿಯದೋ ಆಫ್ರಿಕಾ ಯಾಕೆ ತೆಗೆದಿರಿ?" ಕೇಳಿದ್ದರಲ್ಲಿ ತಪ್ಪಿಲ್ಲ. ನಾವು ವಕೀಲರೂ ಅಲ್ಲ. ಮ್ಯಾಟ್ರಿಕ್‌ವರೆಗೆ ಓದಿ, ಕೆಲವು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ, ಆಮೇಲೆ ಪಕ್ಷದ ಕೆಲಸಕ್ಕೆ ಬಂದವರು. ಆದರೆ ಸವಣೂರಿನ ಎಲೆ ವ್ಯಾಪಾರಸ್ಥರೊಬ್ಬರು ನಮ್ಮ ಮುಂದೆ ಒಂದು ಪ್ರಶ್ನೆ ಇಟ್ಟಿದ್ದರು. ಅದಕ್ಕೆ ಉತ್ತರ ಹುಡುಕುತ್ತ ಹೊರಟಾಗ ದಾರಿ ನಮ್ಮನ್ನು ಆಫ್ರಿಕೆಗೆ ಒಯ್ದಿತು.

ಅವರ ಪ್ರಶ್ನೆ ಇಷ್ಟೆ: "ನಮ್ಮ ಅಜ್ಜ ಹುಟ್ಟಿದ್ದು ನವಾಬರ ಸಂಸ್ಥಾನದಲ್ಲಿ. ಅವನು ಇಂಗ್ಲಿಷರ ಪ್ರಜೆಯೋ, ನವಾಬರ ಪ್ರಜೆಯೋ? ನಾಳೆ ಯಾರಾದರೂ ನಿನ್ನ ಹಿರಿಯರು ಈ ದೇಶದವರೇ ಏನು ಎಂದು ಕೇಳಿದರೆ ನಾನು ಏನು ತೋರಿಸಲಿ?"

ಮೊದಲು ನಮ್ಮ ಊರುಗಳ ಮಾತನ್ನೇ ತೆಗೆದುಕೊಳ್ಳೋಣ. ನಾವು ಕಲಿಸುತ್ತಿದ್ದ ಶಾಲೆಯ ಅಟ್ಟದ ಮೇಲೆ ಒಂದು ಹಳೆಯ ನಕಾಶೆ ಸಿಕ್ಕಿತ್ತು. ಇಂಗ್ಲಿಷರ ಮುಲುಕಿಗೆಲ್ಲ ಕೆಂಪು ಬಣ್ಣ, ಸಂಸ್ಥಾನಗಳಿಗೆ ಹಳದಿ. ಹಾನಗಲ್ಲ, ಶಿಗ್ಗಾಂವ, ಹಿರೇಕೆರೂರ ಕೆಂಪಿನಲ್ಲಿ. ನಟ್ಟನಡುವೆ ಸವಣೂರ ಮಾತ್ರ ಅರಿಸಿನ ಸಿಡಿದ ಹಾಗೆ ಒಂದು ಹಳದಿ ಚುಕ್ಕೆ. ಎಪ್ಪತ್ತು ಚದರ ಮೈಲಿನ ಸಂಸ್ಥಾನ. 1901ರ ಖಾನೇಸುಮಾರಿಯಲ್ಲಿ ಹದಿನೆಂಟು ಸಾವಿರ ಚಿಲ್ಲರೆ ಜನ. ಸುತ್ತಲೂ ಧಾರವಾಡ ಜಿಲ್ಲೆ. ಅತ್ತ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದು, ಕುಂದಗೋಳ ಜಮಖಂಡಿಯದು. ಹರಿದ ಕೌದಿಗೆ ತೇಪೆ ಹಚ್ಚಿದಂತೆ. ಎತ್ತು ಬದು ದಾಟಿದರೆ ರಾಜ್ಯ ದಾಟಿತು.

ನಮ್ಮ ಹಿರಿಯರು ಇದನ್ನು ಸರಳವಾಗಿ ಹೇಳುತ್ತಿದ್ದರು: ಇದು ಖಾಲಸಾ ಹದ್ದು, ಅದು ಸಂಸ್ಥಾನದ ಹದ್ದು. ಆದರೆ ಲಂಡನ್ನಿನ ಕಾಯದೆಯಲ್ಲಿ ಇದಕ್ಕೆ ದೊಡ್ಡ ಅರ್ಥವಿತ್ತು. 1889ರಲ್ಲಿ ಅಲ್ಲಿಯ ಪಾರ್ಲಿಮೆಂಟು ಕಾಯದೆಯ ಶಬ್ದಗಳಿಗೆ ಅರ್ಥ ಹೇಳುವ ಒಂದು ಕಾಯದೆ ಮಾಡಿತು. ಅದರ ಪ್ರಕಾರ 'ಬ್ರಿಟಿಷ್ ಇಂಡಿಯಾ' ಎಂದರೆ ರಾಣಿಯ ಸ್ವಂತ ರಾಜ್ಯದೊಳಗಿನ ನೆಲ. 'ಇಂಡಿಯಾ' ಎಂದರೆ ಅದರ ಜೊತೆಗೆ ರಾಣಿಯ ಅಧೀನದಲ್ಲಿರುವ ದೇಶೀ ಸಂಸ್ಥಾನಿಕರ ನೆಲವೂ ಕೂಡಿದ್ದು. ಹೀಗಾಗಿ ಸವಣೂರ ಇಂಡಿಯಾದಲ್ಲಿತ್ತು, ಬ್ರಿಟಿಷ್ ಇಂಡಿಯಾದಲ್ಲಿರಲಿಲ್ಲ. ಶಿಗ್ಗಾಂವಿಯಲ್ಲಿ ಹುಟ್ಟಿದವ ಬ್ರಿಟಿಷ್ ಪ್ರಜೆ. ಸವಣೂರ ತಂದೆಗೆ ಸವಣೂರಿನಲ್ಲಿ ಹುಟ್ಟಿದವ ಬ್ರಿಟಿಷ್ ಪ್ರಜೆಯಲ್ಲ. ಬ್ರಿಟಿಷರ ರಕ್ಷಣೆಗೊಳಪಟ್ಟ ವ್ಯಕ್ತಿ. ಪಾಸ್‌ಪೋರ್ಟಿನ ಮೇಲೂ ಹಾಗೆಯೇ ಬರೆಯುತ್ತಿದ್ದರು. ಜ್ಞಾನಪೀಠ ಪಡೆದ ಡಾ. ವಿ. ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದು ಇದೇ ಸವಣೂರಿನಲ್ಲಿ.

ರಕ್ಷಣೆ ಎಂಬ ಶಬ್ದ ಕೇಳಲು ಚೆನ್ನಾಗಿದೆ. ಯಾರಿಂದ ರಕ್ಷಣೆ ಎಂದು ಮಾತ್ರ ಯಾರೂ ಹೇಳಲಿಲ್ಲ.

ಇದರಿಂದ ದಿನದ ಬಾಳಿನಲ್ಲಿ ಏನಾಯಿತು? 1937ರಲ್ಲಿ ಮುಂಬಯಿ ಇಲಾಖೆಯ ಅಸೆಂಬ್ಲಿಗೆ ಚುನಾವಣೆ ನಡೆಯಿತು. ಹಾನಗಲ್ಲಿನಲ್ಲಿ ಭೂಮಿ-ಕಾಣಿ ಇದ್ದವರು, ಕಂದಾಯ ಕಟ್ಟುವವರು ಮತ ಹಾಕಿದರು. ಸವಣೂರ ಸಂಸ್ಥಾನದ ಹದ್ದಿನಲ್ಲಿ ಆ ಚುನಾವಣೆಯೇ ಇರಲಿಲ್ಲ. 1935ರ ಕಾಯದೆಯ 262ನೆಯ ಕಲಮನ್ನು ನೋಡಿರಿ: ಬ್ರಿಟಿಷ್ ಪ್ರಜೆಯಲ್ಲದವನಿಗೆ ಸರಕಾರಿ ನೌಕರಿಯ ಹಕ್ಕಿಲ್ಲ; ಫೆಡರೇಶನ್ನಿಗೆ ಸೇರದ ಸಂಸ್ಥಾನದ ಪ್ರಜೆಯಾದರೆ ಗವರ್ನರ್ ಜನರಲ್ಲರು ಯೋಗ್ಯನೆಂದು ಸಾರಬೇಕು. ಆ ಫೆಡರೇಶನ್ ಕೊನೆಗೂ ಹುಟ್ಟಲೇ ಇಲ್ಲ. ಅಂದರೆ ಬಂಕಾಪುರ ಪೇಟೆಗೆ ಎಲೆಯ ಪೆಂಡಿ ಹೊತ್ತು ಬರುವವ, ಕನ್ನಡ ಆಡುವವ, ಅದೇ ಜಾತ್ರೆಗೆ ಹೋಗುವವ, ಅರ್ಜಿ ಬರೆಯಲು ಕುಳಿತಾಗ ಮಾತ್ರ ಪರಕೀಯ.

ಆದರೆ ಆಳುವುದಕ್ಕೆ ಅವನು ಪರಕೀಯನಾಗಿರಲಿಲ್ಲ. ಇಲ್ಲಿ ಸ್ವಲ್ಪ ಲಕ್ಷ್ಯಗೊಟ್ಟು ಕೇಳಿರಿ. ಧಾರವಾಡದ ಕಲೆಕ್ಟರರೇ ಬಹುಕಾಲ ಸವಣೂರಿನ ಪೊಲಿಟಿಕಲ್ ಏಜೆಂಟರು. ಕೊನೆಯ ನವಾಬರು ಎಳೆಯ ವಯಸ್ಸಿನವರಾಗಿದ್ದ ವರ್ಷಗಳಲ್ಲಿ ಸಂಸ್ಥಾನದ ಕಾರಭಾರವೂ ಅವರ ಕೈಯಲ್ಲಿತ್ತು. ಆದರೂ ಸವಣೂರಿನವನು ಬ್ರಿಟಿಷ್ ಪ್ರಜೆಯಾಗಲಿಲ್ಲ. 1903ರ ಗುನ್ಹೆಗಾರರ ಒಪ್ಪಿಸುವಿಕೆಯ ಕಾಯದೆಯಂತೆ, ಸಂಸ್ಥಾನದಲ್ಲಿ ಗುನ್ಹೆ ಮಾಡಿ ಖಾಲಸಾ ಹದ್ದಿಗೆ ಓಡಿಬಂದವನನ್ನು ಹಿಡಿದುಕೊಡಲು ಪೊಲಿಟಿಕಲ್ ಏಜೆಂಟ ವಾರಂಟು ಬರೆದು ಜಿಲ್ಲಾ ಮ್ಯಾಜಿಸ್ಟ್ರೇಟನಿಗೆ ಕಳಿಸಬೇಕು. ಜಿಲ್ಲಾ ಮ್ಯಾಜಿಸ್ಟ್ರೇಟ ಯಾರು? ಅದೇ ಕಲೆಕ್ಟರ. ಒಂದು ಕುರ್ಚಿಯಲ್ಲಿ ಕುಳಿತು ಬರೆದ ಕಾಗದವನ್ನು ಇನ್ನೊಂದು ಕುರ್ಚಿಗೆ ಹೋಗಿ ತಾನೇ ಒಡೆದು ಓದಬಹುದಾದ ವ್ಯವಸ್ಥೆ ಇದು. ಬಯಲಾಟದಲ್ಲಿ ಒಬ್ಬನೇ ರಾಜನ ವೇಷವನ್ನೂ ದೂತನ ವೇಷವನ್ನೂ ಹಾಕಿದಂತೆ. ಇನ್ನೊಂದು ಮಾತು: ಸಂಸ್ಥಾನದ ಹದ್ದಿನಲ್ಲಿ ಯುರೋಪಿಯನ್ ಬ್ರಿಟಿಷ್ ಪ್ರಜೆ ಗುನ್ಹೆ ಮಾಡಿದರೆ ಅವನನ್ನು ಸಂಸ್ಥಾನಿಕರ ಕೋರ್ಟು ವಿಚಾರಿಸುವಂತಿರಲಿಲ್ಲ.

ಹಾಗಾದರೆ ಆ ಗೋಡೆಯಿಂದ ಯಾರಿಗೂ ಉಪಯೋಗವಾಗಲೇ ಇಲ್ಲವೇ? ಒಮ್ಮೆ ಆಯಿತು. ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ರೇಲ್ವೆ ದಾರಿಯಲ್ಲಿ ಶಂಕರಪಲ್ಲಿ ಎಂಬ ಸ್ಟೇಶನ್ ಇದೆ. ನಿಜಾಮರ ಪ್ರಜೆ ಮಹಮ್ಮದ ಯೂಸುಫುದ್ದೀನ ಎಂಬವರನ್ನು ಸಿಮ್ಲಾದ ಮ್ಯಾಜಿಸ್ಟ್ರೇಟರ ವಾರಂಟಿನ ಮೇಲೆ ಅಲ್ಲಿ ಹಿಡಿದರು. ರೇಲ್ವೆ ನೆಲದ ಅಧಿಕಾರವನ್ನು ನಿಜಾಮರು ನಮಗೆ ಕೊಟ್ಟಿದ್ದಾರೆ, ಆದುದರಿಂದ ಹಿಡಿಯಬಹುದು ಎಂದು ಸರಕಾರದ ವಾದ. ಖಟ್ಲೆ ಲಂಡನ್ನಿನ ಪ್ರಿವ್ಹಿ ಕೌನ್ಸಿಲಿಗೆ ಹೋಯಿತು. 1897ರಲ್ಲಿ ತೀರ್ಪು ಬಂತು: ಕೊಟ್ಟದ್ದು ರೇಲ್ವೆಯ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ; ಆ ನೆಲ ನಿಜಾಮರದೇ; ಹಿಡಿದದ್ದು ಕಾಯದೆಬಾಹಿರ. ಬಿಟ್ಟುಕೊಟ್ಟ ಅಧಿಕಾರಕ್ಕೆ ಒಂದು ಗಡಿ ಇರುತ್ತದೆ ಎಂದು ದೊಡ್ಡ ಕೋರ್ಟು ಒಪ್ಪಿತು. ಆದರೆ ಅದು ನಿಜಾಮರ ಸಂಸ್ಥಾನ, ಬಂಧುಗಳೇ. ಹಿಂದೆ ಅಂಥ ದೊಡ್ಡ ರಾಜ್ಯವಿಲ್ಲದ ಮನುಷ್ಯನ ಗತಿ ಏನು? ಅದನ್ನು ತಿಳಿಯಲು ಆಫ್ರಿಕೆಗೆ ಹೋಗಬೇಕು.

ಸವಣೂರಿನ ಮಠದ ಆವರಣದ ದೊಡ್ಡ ಹುಣಸೆ ಮರಗಳನ್ನು ನೀವೆಲ್ಲ ನೋಡಿದ್ದೀರಿ. ಹತ್ತಾರು ಜನ ಕೈ ಹಿಡಿದು ನಿಂತರೆ ಮಾತ್ರ ತಬ್ಬಲು ಬರುವ ಬೊಡ್ಡೆ. ಅದು ನಮ್ಮ ಕಡೆಯ ಮರವಲ್ಲ. ಬಾವೋಬಾಬ್ ಎಂಬ ಆಫ್ರಿಕೆಯ ಮರ. ಯಾರು ತಂದರೋ, ಎಂದು ನೆಟ್ಟರೋ, ಸವಣೂರಿನದೇ ಆಗಿಹೋಗಿದೆ. ಅದೇ ಮರ ತನ್ನ ತೌರಿನಲ್ಲಿ ನಿಂತಿರುವ ದೇಶಗಳಲ್ಲಿ ಒಂದು ಇಂದಿನ ಬೋಟ್ಸ್ವಾನಾ. ಆಗ ಅದಕ್ಕೆ ಬೆಚುವಾನಾಲ್ಯಾಂಡ್ ಎಂದು ಹೆಸರು. 1885ರಲ್ಲಿ ಇಂಗ್ಲಿಷರು ಅದನ್ನು ರಕ್ಷಿತ ರಾಜ್ಯವೆಂದು ಸಾರಿದರು. ನೋಡಿರಿ, ಅಲ್ಲಿಯೂ ಅದೇ ರಕ್ಷಣೆಯ ಮಾತು! ಗೆದ್ದುಕೊಂಡದ್ದಲ್ಲ, ತಮ್ಮ ರಾಜ್ಯಕ್ಕೆ ಸೇರಿಸಿಕೊಂಡದ್ದಲ್ಲ. ಕಾಯದೆಯ ಲೆಕ್ಕದಲ್ಲಿ ಪರದೇಶ. ಆದರೆ 1890ರಲ್ಲಿ ಪಾರ್ಲಿಮೆಂಟು ಮಾಡಿದ ಪರದೇಶಾಧಿಕಾರದ ಕಾಯದೆ ಏನು ಹೇಳುತ್ತದೆ? ರಾಣಿಗೆ ಪರದೇಶದಲ್ಲಿ ಯಾವ ಅಧಿಕಾರ ದೊರೆತಿದೆಯೋ ಅದನ್ನು ಗೆದ್ದ ನೆಲದಲ್ಲಿ ನಡೆಸಿದಷ್ಟೇ ಪೂರ್ಣವಾಗಿ ನಡೆಸಬಹುದು. ಜನರು ಹೊರಗಿನವರು, ಅಧಿಕಾರ ಒಳಗಿನದು. ನಮ್ಮ ಸಂಸ್ಥಾನಗಳಲ್ಲಿಯ ರೇಲ್ವೆ ನೆಲ, ದಂಡಿನ ಠಾಣ್ಯಗಳಲ್ಲಿ ಅಧಿಕಾರ ನಡೆಸಲು ಅವರು 1902ರಲ್ಲಿ ಹೊರಡಿಸಿದ ಹುಕುಮೂ ಇದೇ ಕಾಯದೆಯ ಕೂಸು. ಒಂದೇ ಎರಕದ ಎರಡು ಕೀಲಿಕೈ.

ಬೆಚುವಾನಾಲ್ಯಾಂಡಿನ ಉತ್ತರಕ್ಕೆ ಙಾಮಿ ಸರೋವರದ ಕಡೆ ಬತವಾನಾ ಎಂಬ ಜನ. ಅವರ ಮುಖ್ಯಸ್ಥ ಸೆಕ್‌ಗೋಮಾ. ಗಾದಿಗೆ ಇನ್ನೊಬ್ಬ ಹಕ್ಕುದಾರನಿದ್ದ. ಸರಕಾರ ಅವನ ಪಕ್ಷ ಹಿಡಿಯಿತು. 1906ರಲ್ಲಿ ಸೆಕ್‌ಗೋಮಾನನ್ನು ಹಿಡಿದು ಗ್ಯಾಬೊರೋನಿನಲ್ಲಿಟ್ಟರು. ಯಾವ ಗುನ್ಹೆ? ಗುನ್ಹೆ ಹೊರಿಸಲೇ ಇಲ್ಲ. ಯಾವ ಕೋರ್ಟು ವಿಚಾರಿಸಿತು? ಯಾವುದೂ ಇಲ್ಲ. ಅವನು ಹೊರಗಿದ್ದರೆ ಶಾಂತತೆಗೆ ಭಂಗ ಬರುತ್ತದೆ ಎಂದು ಹೈಕಮಿಶನರರು ಅವನೊಬ್ಬನ ಹೆಸರು ಬರೆದೇ ಒಂದು ಜಾಹೀರನಾಮೆ ಹೊರಡಿಸಿದರು. ಒಬ್ಬ ಮನುಷ್ಯನ ಸಲುವಾಗಿ ಒಂದು ಕಾಯದೆ! ವರ್ಷಗಳು ಕಳೆದವು. ಸೆಕ್‌ಗೋಮಾನೂ ಬಿಡುವ ಗಿರಾಕಿಯಲ್ಲ. ವಕೀಲರನ್ನು ಹಿಡಿದು ಲಂಡನ್ನಿನ ಕೋರ್ಟಿಗೇ ಹೋದ. ಹಿಡಿದಿಟ್ಟವನನ್ನು ಕೋರ್ಟಿನ ಮುಂದೆ ತಂದು ಏಕೆ ಹಿಡಿದಿದ್ದೀರಿ ಎಂದು ಹೇಳಿರಿ ಎಂದು ಕೇಳುವ ಹಳೆಯ ಇಂಗ್ಲಿಷ್ ಹಕ್ಕು ಒಂದಿದೆ, ಹೇಬಿಯಸ್ ಕಾರ್ಪಸ್ ಎಂದು. ಆ ಹಕ್ಕನ್ನು ವಸಾಹತುಗಳ ಮಂತ್ರಿ ಲಾರ್ಡ್ ಕ್ರೂ ಅವರ ಮೇಲೆ ಹೂಡಿದ.

1910ರಲ್ಲಿ ಮೇಲಿನ ಕೋರ್ಟಿನ ಮೂವರು ನ್ಯಾಯಾಧೀಶರು ಅವನ ಅರ್ಜಿಯನ್ನು ತಳ್ಳಿಹಾಕಿದರು. ಬೆಚುವಾನಾಲ್ಯಾಂಡ್ ಪರದೇಶ, ಸೆಕ್‌ಗೋಮಾ ಬ್ರಿಟಿಷ್ ಪ್ರಜೆಯಲ್ಲ, ಆದರೆ ಅಲ್ಲಿ ಶಾಂತತೆ, ಸುವ್ಯವಸ್ಥೆಗಾಗಿ ಜಾಹೀರನಾಮೆ ಹೊರಡಿಸಲು 1891ರ ಹುಕುಮಿನಂತೆ ಹೈಕಮಿಶನರರಿಗೆ ಅಧಿಕಾರವಿದೆ, ಆ ಜಾಹೀರನಾಮೆ ವಿಚಾರಣೆಯಿಲ್ಲದೆ ಒಬ್ಬನ ಸ್ವಾತಂತ್ರ್ಯ ಕಸಿದರೂ ಸಿಂಧುವೇ. ಶಂಕರಪಲ್ಲಿಯಲ್ಲಿ ಪರರ ನೆಲ ಎಂಬ ಮಾತು ಹಿಡಿದವರನ್ನು ತಡೆಯಿತು. ಗ್ಯಾಬೊರೋನಿನಲ್ಲಿ ಅದೇ ಮಾತು ಹಿಡಿದವರಿಗೆ ಕಾವಲಾಯಿತು. ಈ ತೀರ್ಪನ್ನು ನಾವು ಮೂರು-ನಾಲ್ಕು ಸಲ ವಕೀಲ ಮಿತ್ರರೊಬ್ಬರಿಂದ ಓದಿಸಿ ಕೇಳಿದೆವು. ನ್ಯಾಯಾಧೀಶರು ಕೆಟ್ಟವರೆಂದು ನಮಗೆ ಅನಿಸಲಿಲ್ಲ. ಬಹಳ ಓದಿದವರು, ಸಂಕಟಪಟ್ಟು ಬರೆದವರು. ಆದರೆ ಅವರ ಕೈಗೆ ಕೊಟ್ಟ ತಕ್ಕಡಿಯೇ ವಾಲಿದ್ದಾಗಿತ್ತು.

ಭೂಮಿಯ ವಿಷಯದಲ್ಲಿಯೂ ಹೀಗೆಯೇ. ದಕ್ಷಿಣ ರೊಡೇಶಿಯಾ, ಅಂದರೆ ಇಂದಿನ ಜಿಂಬಾಬ್ವೆ: ಅದನ್ನು ಒಂದು ಕಂಪನಿ 1893ರಲ್ಲಿ ದೊರೆ ಲೊಬೆಂಗುಲಾನನ್ನು ಸೋಲಿಸಿ ಹಿಡಿದಿತ್ತು. ಇನ್ನೂ ಹಂಚದೆ ಉಳಿದ ನೆಲ ಯಾರದು? ಕಂಪನಿಯದೋ, ಬಿಳಿಯ ಒಕ್ಕಲಿಗರದೋ, ನೆಲದ ಮಕ್ಕಳದೋ, ದೊರೆಯದೋ? 1918ರಲ್ಲಿ ಪ್ರಿವ್ಹಿ ಕೌನ್ಸಿಲು ದೊರೆಯದು ಎಂದಿತು. ಸ್ವಾಜಿಲ್ಯಾಂಡಿನ ದೊರೆ ಸೊಭುಜಾ ತನ್ನ ಜನರ ನೆಲ ಬಿಳಿಯನಿಗೆ ಹೋದುದರ ವಿರುದ್ಧ ದಾವೆ ಹೂಡಿದಾಗ 1926ರಲ್ಲಿ ಅದೇ ಕೌನ್ಸಿಲು, ರಕ್ಷಿತ ರಾಜ್ಯದಲ್ಲಿ ದೊರೆಯ ಹುಕುಮಿನಿಂದ ಜನರ ಹಳೆಯ ಹಕ್ಕು ಅಳಿಸಿಹೋಗಬಹುದು, ಅದನ್ನು ಕೋರ್ಟು ಪ್ರಶ್ನಿಸಲಾರದು ಎಂದಿತು.

ಶಿಗ್ಗಾಂವಿಯಲ್ಲಿ ಇಷ್ಟು ಹೇಳುತ್ತಲೇ ಅರಳೆ ಗಿರಣಿಯ ಒಬ್ಬ ಹಿರಿಯರು ಎದ್ದು, "ಹಾಗಾದರೆ ಖಾಲಸಾದಲ್ಲಿದ್ದ ನಮ್ಮ ಅಜ್ಜಂದಿರೇ ಪುಣ್ಯವಂತರು ಅನ್ನಿ, ಅವರು ಪೂರ್ತಿ ಪ್ರಜೆಗಳಾಗಿದ್ದರಲ್ಲ" ಎಂದರು. ಸಭೆಯೆಲ್ಲ ನಕ್ಕಿತು. ಆದರೆ ಮಾತು ನಗುವಂಥದಲ್ಲ. ಪೂರ್ತಿ ಪ್ರಜೆಯ ಬೆಲೆ ಎಷ್ಟಿತ್ತೆಂಬುದನ್ನೂ ಆಫ್ರಿಕೆಯೇ ತೋರಿಸಿತು.

1860ರ ನವಂಬರಿನಲ್ಲಿ ಮದ್ರಾಸಿನಿಂದ ಕರಾರು ಕೂಲಿಕಾರರನ್ನು ತುಂಬಿದ ಮೊದಲ ಹಡಗು ನಾತಾಳದ ಡರ್ಬನ್ನಿಗೆ ಮುಟ್ಟಿತು. ಕಬ್ಬಿನ ತೋಟದ ಕೆಲಸ. ಬೆನ್ನ ಹಿಂದೆಯೇ ವ್ಯಾಪಾರಸ್ಥರೂ ಹೋದರು. ಬ್ರಿಟಿಷ್ ಇಂಡಿಯಾದಿಂದ ಹೋದವರೆಲ್ಲ ಬ್ರಿಟಿಷ್ ಪ್ರಜೆಗಳು. 1858ರಲ್ಲಿ ರಾಣಿ ಎಲ್ಲ ಪ್ರಜೆಗಳೂ ಸಮಾನರೆಂದು ಸಾರಿದ್ದಳು. ಗಾಂಧೀಜಿಯವರು ಮೊದಮೊದಲು ಆ ಜಾಹೀರನಾಮೆಯನ್ನೇ ಮುಂದೆ ಹಿಡಿಯುತ್ತಿದ್ದರು. ಆದರೆ 1896ರಲ್ಲಿ ನಾತಾಳದ ಬಿಳಿಯರು ಒಂದು ಕಾಯದೆ ಮಾಡಿದರು. ಅದರಲ್ಲಿ ಹಿಂದೀ ಜನ ಎಂಬ ಶಬ್ದವೇ ಇಲ್ಲ. ಯಾರ ಮೂಲದೇಶದಲ್ಲಿ ಪಾರ್ಲಿಮೆಂಟಿನ ಮತಾಧಿಕಾರವಿಲ್ಲವೋ ಅವರಿಗೆ ಇಲ್ಲಿಯೂ ಮತವಿಲ್ಲ ಎಂದಷ್ಟೇ ಇದೆ. ಹಿಂದುಸ್ತಾನದಲ್ಲಿ ಮತಾಧಿಕಾರ ಕೊಡದವರು ಯಾರು? ಇವರೇ. ಇಲ್ಲಿ ಕೊಡದೆ ಇಟ್ಟುಕೊಂಡದ್ದನ್ನೇ ಅಲ್ಲಿ ನಮ್ಮ ಕೊರತೆಯೆಂದು ಎಣಿಸಿದರು. ಮನೆಯಲ್ಲಿ ಉಣ್ಣಲಿಕ್ಕೆ ಕೊಡದೆ, ಬಡಕಲಾಗಿದ್ದಾನೆಂದು ಕೆಲಸದಿಂದ ತೆಗೆದ ಧಣಿಯನ್ನು ನಮ್ಮ ಗಿರಣಿಯವರಿಗೆ ಪರಿಚಯಿಸಬೇಕಾಗಿಲ್ಲ.

ಹಿರೇಕೆರೂರಿನ ಅಂಗಡಿಕಾರರು ಟ್ರಾನ್ಸ್‌ವಾಲಿನ ಕತೆಯನ್ನು ಎರಡು ಸಲ ಹೇಳಿಸಿದರು. ಇಲ್ಲಿಯೂ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಅದು ಬೋಅರರ ಪ್ರಜಾರಾಜ್ಯ. 1885ರ ಮೂರನೆಯ ಕಾಯದೆಯಿಂದ ಏಶಿಯಾದವರಿಗೆ ಅಲ್ಲಿ ನಾಗರಿಕತ್ವವಿಲ್ಲ, ಸ್ಥಿರಾಸ್ತಿ ಕೊಳ್ಳುವ ಹಾಗಿಲ್ಲ, ಹೆಸರು ಬರೆಸಿ ಹಣ ಕಟ್ಟಬೇಕು, ಸರಕಾರ ತೋರಿಸಿದ ಕೇರಿಯಲ್ಲಿಯೇ ವಾಸಿಸಬೇಕು. ವಾಸ ಎಂದರೆ ಮನೆ ಮಾತ್ರವೋ, ಅಂಗಡಿಯೂ ಸೇರಿತೋ? ಪೇಟೆಯ ಬೀದಿಯಿಂದ ಅಂಗಡಿ ಕಿತ್ತು ಊರ ಹೊರಗಿನ ಕೇರಿಗೆ ಹಾಕಿದರೆ ವ್ಯಾಪಾರ ಉಳಿಯುವುದೇ? 1898ರಲ್ಲಿ ತೈಯಬ ಹಾಜಿ ಖಾನ ಮಹಮ್ಮದ ಎಂಬ ವ್ಯಾಪಾರಸ್ಥರ ಖಟ್ಲೆಯಲ್ಲಿ ಅಲ್ಲಿಯ ಕೋರ್ಟು ಅಂಗಡಿಯೂ ಸೇರಿತು ಎಂದಿತು. ಆಗ ಇಂಗ್ಲಿಷರಿಗೆ ನಮ್ಮ ಮೇಲೆ ಎಲ್ಲಿಲ್ಲದ ಮಮತೆ! ಬೋಅರರು ನಮ್ಮ ಹಿಂದೀ ಪ್ರಜೆಗಳನ್ನು ನಡೆಸಿಕೊಳ್ಳುವ ರೀತಿ ಕಂಡು ಸಿಟ್ಟು ಬರುತ್ತದೆಂದು 1899ರಲ್ಲಿ ಯುದ್ಧಮಂತ್ರಿ ಲಾರ್ಡ್ ಲ್ಯಾನ್ಸ್‌ಡೌನ್ ಸಭೆಯಲ್ಲಿ ಹೇಳಿದರು. ಯುದ್ಧವಾಯಿತು, ಟ್ರಾನ್ಸ್‌ವಾಲ್ ಇಂಗ್ಲಿಷರ ಕೈಗೆ ಬಂತು. ಮೂರನೆಯ ಕಾಯದೆ ರದ್ದಾಯಿತೇ? ಆಗಲಿಲ್ಲ. ಅದನ್ನೇ ಇನ್ನೂ ಬಿಗಿಯಾಗಿ ನಡೆಸಹೊರಟರು. 1904ರಲ್ಲಿ ಹಬೀಬ ಮೋಟನ್ ಎಂಬ ವ್ಯಾಪಾರಸ್ಥರು ಮತ್ತೆ ಕೋರ್ಟಿಗೆ ಹೋದರು. ಈ ಸಲ ಕೋರ್ಟು, ಅಂಗಡಿ ಬೇರೆ ವಾಸ ಬೇರೆ, ವ್ಯಾಪಾರ ಎಲ್ಲಿ ಬೇಕಾದರೂ ಮಾಡಬಹುದು ಎಂದು ಹೇಳಿತು. ಒಬ್ಬ ಅಂಗಡಿಕಾರನ ಹಟದಿಂದ ನೂರಾರು ಅಂಗಡಿಗಳ ಬಾಗಿಲು ತೆರೆದುಳಿದವು. ಇದನ್ನು ನಾವು ಮರೆಯಬಾರದು; ಸೋಲಿನ ಪಟ್ಟಿಯಲ್ಲಿ ಗೆಲುವುಗಳೂ ಇವೆ.

ಮುಂದಿನದು ನಿಮಗೆ ಗೊತ್ತಿದ್ದದ್ದೇ. 1906ರಲ್ಲಿ ಹತ್ತೂ ಬೆರಳಿನ ಗುರುತು ಕೊಟ್ಟು ಹೆಸರು ಬರೆಸಬೇಕೆಂಬ ಕರಾಳ ಕಾಯದೆಗೆ ಲಂಡನ್ ಒಪ್ಪಿಗೆ ಕೊಡಲಿಲ್ಲ. 1907ರ ಜನೇವರಿ 1ಕ್ಕೆ ಟ್ರಾನ್ಸ್‌ವಾಲಿನ ಬಿಳಿಯರಿಗೆ ಸ್ವಯಮಾಡಳಿತ ಬಂತು. ಅವರು ಅದೇ ಕಾಯದೆಯನ್ನು ಪಾಸು ಮಾಡಿದರು. ಅದೇ ಲಂಡನ್ ಒಪ್ಪಿತು. 1908ರ ಆಗಸ್ಟ್ 16ರಂದು ಜೋಹಾನ್ಸ್‌ಬರ್ಗಿನ ಹಮೀದಿಯಾ ಮಸೀದೆಯ ಅಂಗಳದಲ್ಲಿ ಗಾಂಧೀಜಿಯವರ ಜನ ಆ ನೋಂದಣಿ ಕಾಗದಗಳನ್ನು ಸುಟ್ಟರು. ಅಂದು ಹಾನಗಲ್ಲಿನವನೊಬ್ಬ, ಸವಣೂರಿನವನೊಬ್ಬ ಅಲ್ಲಿದ್ದರೆಂದು ಇಟ್ಟುಕೊಳ್ಳಿರಿ. ಇಲ್ಲಿ ಬದುವಿನ ಆಚೆ ಈಚೆ ಬೇರೆಬೇರೆಯಾಗಿದ್ದವರು ಅಲ್ಲಿ ಕೊನೆಗೂ ಸಮಾನರಾದರು: ಇಬ್ಬರೂ ಏಶಿಯಾಟಿಕ್. ಪ್ರಜೆ ಎಂಬ ಪದವಿ ಒಬ್ಬನಿಗಿತ್ತು, ಒಬ್ಬನಿಗಿರಲಿಲ್ಲ. ನಾಗರಿಕನ ಹಕ್ಕು ಇಬ್ಬರಿಗೂ ಇರಲಿಲ್ಲ. ಪ್ರಜೆ ಎಂದರೆ ಯಾರ ಆಜ್ಞೆ ಕೇಳಬೇಕೆಂಬುದು ಗೊತ್ತಾದವನು. ನಾಗರಿಕ ಎಂದರೆ ಆಜ್ಞೆ ಮಾಡಿದವನನ್ನು ಏಕೆಂದು ಕೇಳಬಲ್ಲವನು. ಈ ವ್ಯತ್ಯಾಸವನ್ನು ಹೇಳುವುದಕ್ಕೇ ನಾವು ಇಷ್ಟು ದೂರ ಸುತ್ತಿದ್ದು.

ಈಗ ಸವಣೂರಿಗೆ ಹಿಂದಿರುಗೋಣ. 1948ರ ಮಾರ್ಚ್ 8ರಂದು ಸಂಸ್ಥಾನ ಭಾರತದಲ್ಲಿ ಸೇರಿತು. ಹಳದಿ ಚುಕ್ಕೆ ಅಳಿಸಿತು. ಸಂವಿಧಾನದ ಐದನೆಯ ಕಲಮು ಏನು ಕೇಳುತ್ತದೆ? ಭಾರತದ ನೆಲದಲ್ಲಿ ನೆಲೆ ಇದ್ದು, ಈ ನೆಲದಲ್ಲಿ ಹುಟ್ಟಿದವ, ಇಲ್ಲವೆ ತಂದೆ ಅಥವಾ ತಾಯಿ ಇಲ್ಲಿ ಹುಟ್ಟಿದವ, ಇಲ್ಲವೆ ಐದು ವರ್ಷ ಇಲ್ಲಿ ಬಾಳಿದವ ನಾಗರಿಕ. ಯಾವ ದೊರೆಯ ಕೈಕೆಳಗೆ ಹುಟ್ಟಿದೆ ಎಂಬ ಪ್ರಶ್ನೆಯೇ ಇಲ್ಲ. ಪಾಕಿಸ್ತಾನದಿಂದ ಬಂದವರ ಬಗೆಗಿನ ಆರನೆಯ ಕಲಮು ಇನ್ನೂ ಜಾಣತನದ್ದು: ಅಲ್ಲಿ 1935ರ ಕಾಯದೆಯ ಮೂಲ ವ್ಯಾಖ್ಯೆಯ 'ಇಂಡಿಯಾ' ಎಂಬ ಶಬ್ದ ಬಳಸಿದ್ದಾರೆ. ಅದರಲ್ಲಿ ಸಂಸ್ಥಾನಗಳೂ ಸೇರಿದ್ದವು. ಇಂಗ್ಲಿಷರು ಬೇರೆ ಮಾಡಲು ಹೂಡಿದ ಶಬ್ದವನ್ನು ನಮ್ಮವರು ಕೂಡಿಸಲು ಬಳಸಿದರು. 1951-52ರ ಚುನಾವಣೆಯಲ್ಲಿ ಸವಣೂರಿನ ಎಲೆ ಕೊಯ್ಯುವ ಹೆಣ್ಣುಮಗಳಿಗೂ ಒಂದು ಮತ, ನವಾಬರ ಮನೆತನದವರಿಗೂ ಒಂದೇ ಮತ.

ಆಫ್ರಿಕೆಯಲ್ಲಿ ಗಡಿಯಾರ ಹಿಂದಕ್ಕೆ ತಿರುಗಿತು. ಅಲ್ಲಿಯ ಬಿಳಿಯ ಸರಕಾರ 1970ರಲ್ಲಿ ಒಂದು ಕಾಯದೆಯಿಂದ ಪ್ರತಿಯೊಬ್ಬ ಕರಿಯನನ್ನೂ ಯಾವುದೋ ಒಂದು 'ತಾಯ್ನೆಲ'ದ ನಾಗರಿಕನೆಂದು ಬರೆಯಿತು, ಅವನು ಆ ನೆಲ ನೋಡಿರದಿದ್ದರೂ. 1976ರಲ್ಲಿ ಟ್ರಾನ್ಸ್‌ಕೈಯನ್ನು ಸ್ವತಂತ್ರ ದೇಶವೆಂದು ಸಾರಿದರು. ದಕ್ಷಿಣ ಆಫ್ರಿಕೆಯ ಹೊರತು ಜಗತ್ತಿನ ಯಾವ ದೇಶವೂ ಅದನ್ನು ಒಪ್ಪಲಿಲ್ಲ. ಆದರೆ ಅಂದಿನಿಂದ ಜೋಹಾನ್ಸ್‌ಬರ್ಗಿನ ಚಿನ್ನದ ಗಣಿಯಲ್ಲಿ ದುಡಿಯುವ ಟ್ರಾನ್ಸ್‌ಕೈ ಕಾಮಗಾರ ತಾನು ಹುಟ್ಟಿದ ದೇಶದಲ್ಲಿಯೇ ಪರದೇಶಿ. ದುಡಿಮೆ ಬೇಕು, ಮನುಷ್ಯ ಬೇಡ. 1994ರ ಏಪ್ರಿಲ್ 27ರಂದು ಹೊಸ ಸಂವಿಧಾನ ಬಂದಾಗ ಆ ಸುಳ್ಳು ದೇಶಗಳೆಲ್ಲ ಕರಗಿಹೋದವು. ಹಾನಗಲ್ಲಿನ ಗೆಳೆಯರೇ, ಕೂಲಿಯ ಮಾತು ಬಿಟ್ಟೆವೆಂದು ತಿಳಿಯಬೇಡಿರಿ. ನೀನು ಇಲ್ಲಿಯವನಲ್ಲ ಎಂದು ಹೇಳಿಸಿಕೊಂಡವನು ಕೂಲಿ ಹೆಚ್ಚು ಕೇ‌ಳುವುದು ಹೇಗೆ?

ಎಲೆ ವ್ಯಾಪಾರಸ್ಥರಿಗೆ ನಾವು ಕೊಟ್ಟ ಉತ್ತರ ಇದು. ನಿಮ್ಮ ಅಜ್ಜ ಬ್ರಿಟಿಷ್ ಪ್ರಜೆಯಾಗಿರಲಿಲ್ಲ ನಿಜ. ಆದರೆ ಅದರಿಂದ ನಿಮಗೆ ಏನೂ ಕಡಿಮೆಯಾಗುವುದಿಲ್ಲ. 1987ರ ಜುಲೈ 1ಕ್ಕಿಂತ ಮೊದಲು, ಸಂವಿಧಾನ ಬಂದ ಮೇಲೆ ಈ ನೆಲದಲ್ಲಿ ಹುಟ್ಟಿದವ ಹುಟ್ಟಿನಿಂದಲೇ ನಾಗರಿಕ. ನೀವು ಆ ಸಾಲಿನವರು. ಅಲ್ಲಿಂದ 2004ರ ಡಿಸೆಂಬರ್ 3ರವರೆಗೆ ಹುಟ್ಟಿದವರಿಗೆ ತಂದೆ-ತಾಯಿಗಳಲ್ಲಿ ಒಬ್ಬರು ನಾಗರಿಕರಿದ್ದರೆ ಸಾಕು. ಆಮೇಲೆ ಹುಟ್ಟಿದವರಿಗೆ ಇಬ್ಬರೂ ನಾಗರಿಕರಿರಬೇಕು, ಇಲ್ಲವೆ ಒಬ್ಬರು ನಾಗರಿಕರಾಗಿದ್ದು ಇನ್ನೊಬ್ಬರು ಕಾಯದೆ ಮೀರಿ ಒಳಬಂದವರಾಗಿರಬಾರದು.

ಅವರು ಸುಮ್ಮನೆ ಕೇಳಿದರು. ಕೊನೆಗೆ, "ಅಂದರೆ ನನಗೆ ಹುಟ್ಟಿದ್ದು ಸಾಕು, ನನ್ನ ಮೊಮ್ಮಗಳಿಗೆ ಹುಟ್ಟಿದ್ದು ಸಾಲದು" ಎಂದರು. ಹೌದು, ಕಾಯದೆ ಹಾಗೆಯೇ ಇದೆ. ಅದನ್ನು ಮುಚ್ಚಿಟ್ಟು ನಾವು ಬೇರೆ ಹೇಳುವಂತಿಲ್ಲ. ಮರುದಿನ ಅವರನ್ನು ಕರೆದುಕೊಂಡು ಅವರು ಎರಡನೆಯ ಇಯತ್ತೆವರೆಗೆ ಓದಿದ ಕನ್ನಡ ಶಾಲೆಗೆ ಹೋದೆವು. ಹಳೆಯ ದಾಖಲೆ ಪುಸ್ತಕದಲ್ಲಿ ಅವರ ಹೆಸರು, ತಂದೆಯ ಹೆಸರು, ಹುಟ್ಟಿದ ಊರು ಸವಣೂರ ಎಂದು ನೀಲಿ ಶಾಯಿಯಲ್ಲಿ ಬರೆದದ್ದು ಸಿಕ್ಕಿತು. ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು. ದಾಖಲೆಯ ನಕಲಿಗಾಗಿ ಅಲ್ಲಿಯೇ ಕುಳಿತು ಅರ್ಜಿ ಬರೆದೆವು. ಮಗನ ಹೆಸರಿನಲ್ಲಿ ಒಂದು, ಮೊಮ್ಮಗಳ ಹೆಸರಿನಲ್ಲಿ ಒಂದು ಬೇರೆ ಬರೆದುಕೊಟ್ಟೆವು. ಇಂಥ ಅರ್ಜಿ ಬರೆಸಬೇಕಾದವರು ಸವಣೂರಿನಲ್ಲಿ ಸಂತೆಯ ದಿನ ಮಧ್ಯಾಹ್ನದ ಮೇಲೆ ನಮ್ಮನ್ನು ಕಾಣಬಹುದು.